ಸದನದ ಬಾವಿಗೆ ಬಿದ್ದ ಮೇಷ್ಟ್ರು

ಯುವ ಸಂಸತ್ತು ಎಂಬ ಸ್ಪರ್ಧೆ ಮೊದಲು ಹೊಳೆದದ್ದು ಯಾರಿಗೆ ಎಂದು ಕೇಳಿದರೆ ನನ್ನ ವಿದ್ಯಾರ್ಥಿಗಳು ಗೋಡೆಯ ಮೇಲಿನ ಫೋಟೊಗಳತ್ತ ಒಮ್ಮೆ ಕಣ್ಣು ಹಾಯಿಸಿ ಗಾಂಧಿ, ನೆಹರೂ, ಅಂಬೇಡ್ಕರ್ ಎಂದು ಸಾಲಾಗಿ ಹೇಳುತ್ತಾರೆ. ಅಸಲಿ ಸಂಗತಿ ಬೇರೆ. 1962ರಲ್ಲಿ ಬೊಂಬಾಯಿಯಲ್ಲಿ ಸೇರಿದ್ದ ಅಖಿಲ ಭಾರತ ಸಚೇತಕರ ಸಮ್ಮೇಳನ ಮಾಡಿದ ಶಿಫಾರಸು ಅದು. ಸಚೇತಕರ ಕಸುಬು ಗೊತ್ತಲ್ಲ? ತಮ್ಮ ಪಕ್ಷದವರು ಯಾವಾಗ ಸದನದಲ್ಲಿರಬೇಕು, ಯಾವ ಕಡೆ ಓಟು ಹಾಕಬೇಕು ಎಂದು ವಿಪ್ ಹೊರಡಿಸುವುದು. ನಾಡಿನ ಮಕ್ಕಳಿಗೆ ಧೈರ್ಯವಾಗಿ ಮಾತಾಡಲು ಕಲಿಸಬೇಕೆಂದು ಅವರಿಗೇ ಯಾಕೆ ಅನ್ನಿಸಿತೋ ನಾ ಕಾಣೆ. 1966-67ರಲ್ಲಿ ದೆಹಲಿಯ ಶಾಲೆಗಳಲ್ಲಿ ಶುರುವಾದದ್ದು ಊರೂರು ಸುತ್ತಿ, ಕೊನೆಗೆ ನಮ್ಮ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೂ ಬಂತು. ಬಂದದ್ದೇ ಸೀದಾ ನನ್ನ ತಲೆಯ ಮೇಲೆ ಕೂತಿತು.

ನಾನು ಅಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ನನ್ನ ಕೆಲಸ ವರ್ಷ ವರ್ಷ ಹೊಸದಾಗಿ ಹುಟ್ಟಬೇಕು. ಪಟ್ಟಿಯಲ್ಲಿ ಹೆಸರು ಬರುವ ತನಕ ಮನೆಯಲ್ಲಿ ಯಾರೂ ಹೊಸ ಬಟ್ಟೆಯ ಮಾತೆತ್ತುವುದಿಲ್ಲ. ಸಂವಿಧಾನದ 19ನೇ ವಿಧಿ, ವಾಕ್ ಸ್ವಾತಂತ್ರ್ಯ ಎಂದು ತರಗತಿಯಲ್ಲಿ ಮೇಜು ಕುಟ್ಟುವ ನಾನು, ಸ್ಟಾಫ್ ರೂಮಿಗೆ ಬಂದರೆ ಕುರ್ಚಿ ಎಳೆದ ಸದ್ದೂ ಆಗದಂತೆ ಕೂರುತ್ತೇನೆ. ಇಂಥವನನ್ನೇ ಪ್ರಾಂಶುಪಾಲರು ಕರೆದು, ‘ನೋಡ್ರೀ, ಯುವ ಸಂಸತ್ತಿನ ಜವಾಬ್ದಾರಿ ನಿಮ್ದು. ಶಾಸಕರು ಬರ್ತಾರೆ. ಕಾಲೇಜು ಅಭಿವೃದ್ಧಿ ಸಮಿತಿಗೆ ಅವರೇ ಅಧ್ಯಕ್ಷರು. ಎಡವಟ್ಟು ಗಿಡವಟ್ಟು ಆಗ್ಬಾರ್ದು’ ಅಂದರು. ‘ಆಗಲ್ಲ ಸಾರ್’ ಅಂದೆ. ಆ ಎರಡು ಮಾತು ನಂಬಿ ಆ ಪುಣ್ಯಾತ್ಮ ಶಾಲು, ಹಾರ, ಮೈಸೂರು ಪೇಟಕ್ಕೆ ಆರ್ಡರ್ ಕೊಟ್ಟುಬಿಟ್ಟರು.

ಎಡವಟ್ಟಾಗಬಾರದು ಅಂದರೆ ಒಂದೇ ದಾರಿ: ಯಾರೂ ಏನೂ ಕೇಳಬಾರದು. ಆದರೆ ಸಂಸತ್ತು ಅಂದ ಮೇಲೆ ಪ್ರಶ್ನೋತ್ತರ ಅವಧಿ ಇರಲೇಬೇಕು. ಲೋಕಸಭೆಯಲ್ಲಿ ದಿನದ ಮೊದಲ ಒಂದು ಗಂಟೆ ಅದಕ್ಕೇ ಮೀಸಲು. ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ. ಮಂತ್ರಿಯಾದವರು ಎದ್ದು ನಿಂತು ಬಾಯಿಬಿಟ್ಟು ಉತ್ತರ ಹೇಳಬೇಕು, ಅದರ ಬೆನ್ನಿಗೇ ಉಪಪ್ರಶ್ನೆ ಬೀಳುತ್ತದೆ. ಸ್ಪರ್ಧೆಯಲ್ಲೂ ಪ್ರಶ್ನೆಗಳ ಆಯ್ಕೆಗೆ, ಉತ್ತರಗಳ ಗುಣಮಟ್ಟಕ್ಕೆ ಅಂತಲೇ 100ರಲ್ಲಿ 20 ಅಂಕ. ಹಾಗಾಗಿ ರಾತ್ರಿ ಕೂತು ಪ್ರಶ್ನೆಯನ್ನೂ ಉತ್ತರವನ್ನೂ ನಾನೇ ಬರೆದೆ. ಒಂದು ಮಾದರಿ ನೋಡಿ:

‘ಮಾನ್ಯ ಸಭಾಧ್ಯಕ್ಷರೇ, ಯೋಗ ದಿನಾಚರಣೆಯಿಂದ ದೇಶಕ್ಕೆ ಆಗಿರುವ ಪ್ರಯೋಜನಗಳೇನು?’

‘ಅಪಾರ.’

‘ಉಪಪ್ರಶ್ನೆ. ಈ ಪ್ರಯೋಜನಗಳನ್ನು ಇನ್ನೂ ಹೆಚ್ಚಿಸುವ ಉದ್ದೇಶ ಸರ್ಕಾರಕ್ಕಿದೆಯೇ?’

‘ಇದೆ.’

ಬರೆದು ಮುಗಿಸಿ, ಲೈಟ್ ಆರಿಸುವ ಮುಂಚೆ ಮತ್ತೊಮ್ಮೆ ಓದಿ ನನಗೆ ನಾನೇ ಶಭಾಷ್ ಹೇಳಿಕೊಂಡೆ. ವಿರೋಧ ಪಕ್ಷ ತೀರಾ ಬೆಪ್ಪಾಗಿ ಕಾಣಬಾರದೆಂದು ಒಂದು ಸಭಾತ್ಯಾಗವನ್ನೂ ಇಟ್ಟಿದ್ದೆ: ಎಡ ಬಾಗಿಲಿಂದ ಹೊರಗೆ, ಎರಡು ನಿಮಿಷ ಬಿಟ್ಟು ಬಲ ಬಾಗಿಲಿಂದ ಒಳಗೆ, ಬಂದ ಕೂಡಲೇ ಸರ್ಕಾರಕ್ಕೆ ಅಭಿನಂದನೆ.

ಪಾತ್ರ ಹಂಚುವಾಗಲೂ ಇದೇ ಎಚ್ಚರಿಕೆ. ಸಿಕ್ಕ ಜುಬ್ಬಾ ಯಾರಿಗೆ ಸರಿಹೊಂದಿತೋ ಅವನೇ ಪ್ರಧಾನಿ. ವಿರೋಧ ಪಕ್ಷದ ನಾಯಕಿಯಾಗಿ ಬಿಎ ಕೊನೆಯ ವರ್ಷದ ಒಬ್ಬ ಹುಡುಗಿಯನ್ನು ಆರಿಸಿದೆ. ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಬಾಯಿಲ್ಲದ ಮಗು, ಅಪಾಯವಿಲ್ಲ ಅಂದುಕೊಂಡೆ. ದನಿ ಕೇಳದೆ ಇದ್ದದ್ದಕ್ಕೆ ಕಾರಣ ಅವಳ ಸಂಕೋಚವಲ್ಲ. ನನ್ನ ಕ್ಲಾಸು ಮೊದಲ ಪೀರಿಯಡ್ಡು, ಅವಳು ಕಾಲೇಜಿಗೆ ಬರುತ್ತಿದ್ದದ್ದೇ ಎರಡನೇ ಪೀರಿಯಡ್ಡು ಮುಗಿಯುವ ಹೊತ್ತಿಗೆ.

ಇದು ಗೊತ್ತಾದದ್ದು ರಿಹರ್ಸಲ್ ಸಮಯದಲ್ಲಿ. ಅವಳೂ ಇನ್ನಷ್ಟು ಜನರೂ ಬಂದು, ‘ಸಾರ್, ಎಮ್ಮೆಲ್ಲೆ ಬರ್ತಾರಂತಲ್ಲ, ಇದನ್ನ ಕೊಡಣಾಂತ’ ಎಂದು ನೋಟ್‌ಬುಕ್ಕಿನ ಒಂದು ಹಾಳೆ ಮುಂದೆ ಹಿಡಿದರು. ‘ಬೆಳಿಗ್ಗೆ 8 ಗಂಟೆ ಬಸ್ಸು ನಮ್ಮ ಕ್ರಾಸಲ್ಲಿ ನಿಲ್ಲಿಸುತ್ತಿಲ್ಲ. ನಾವು 42 ಜನ ಇದ್ದೇವೆ. ಮೊದಲ ಪೀರಿಯಡ್ ಸಿಗುತ್ತಿಲ್ಲ. ಬಸ್ಸು ನಿಲ್ಲಿಸಿ, ಇಲ್ಲ ಅಂದರೆ ಇನ್ನೊಂದು ಬಿಡಿ.’ ಕೆಳಗೆ ಸಹಿಗಳು. ವಿಷಯ ಅಷ್ಟೇ. ಎಂಟರ ಬಸ್ಸು ಹಿಂದಿನ ಊರುಗಳಲ್ಲೇ ತುಂಬಿ ಬರುತ್ತದೆ. ಕ್ರಾಸಿನಲ್ಲಿ ನಿಂತವರು ಕೈ ಅಡ್ಡ ಹಾಕಿದರೆ ಡ್ರೈವರು, ಹಿಂದೆ ಇನ್ನೊಂದು ಬರ್ತಿದೆ ಎಂದು ಹೆಬ್ಬೆರಳು ತೋರಿಸಿ ಹೋಗುತ್ತಾನೆ. ಹಿಂದೆ ಬರುವುದು ಧೂಳು. ಮುಂದಿನ ಬಸ್ಸಿಗೆ ಹತ್ತೂವರೆಯಾಗಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆಯಿಲ್ಲ, ನಿಜ. ಆದರೆ ಟಿಕೆಟ್ಟು ಬೇಡವೆಂದರೂ ಬಸ್ಸು ನಿಲ್ಲಬೇಕಲ್ಲ! ಇತ್ತ ಶೇಕಡ 75 ಹಾಜರಿ ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಆ ಹಾಜರಿ ಪುಸ್ತಕದಲ್ಲಿ ಆಬ್ಸೆಂಟ್ ಹಾಕುವ ಪೆನ್ನು ನನ್ನ ಜೇಬಿನಲ್ಲೇ ಇತ್ತು. ಅರ್ಧ ಬೆಂಚು ಖಾಲಿ ಇರುವ ಕ್ಲಾಸಿಗೆ ಓಡಿ ಹೋಗಿ ಮಾಡುವುದೇನು ಎಂದು ನಾನೂ ಮನೆಯಲ್ಲಿ ಎರಡನೇ ಲೋಟ ಕಾಫಿ ಕುಡಿದು ಸಾವಕಾಶವಾಗಿ ಬರುತ್ತಿದ್ದೆ.

‘ಹೀಗೆಲ್ಲ ಬರೀತಾರಾ? ಶಾಸಕರಿಗೆ ಕೊಡೋ ಮನವಿಗೆ ಒಂದು ಗೌರವ ಬೇಡ್ವಾ? ಭಾಷೆ ತಿದ್ದಿ ಕೊಡ್ತೀನಿ ಇರಿ’ ಅಂದೆ. ತಿದ್ದಿದೆ ನೋಡಿ! ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಸನ್ನಿಧಾನದಲ್ಲಿ ಅತ್ಯಂತ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ದಕ್ಷ ಹಾಗೂ ದೂರದೃಷ್ಟಿಯ ನಾಯಕತ್ವದಲ್ಲಿ ಸರ್ವತೋಮುಖ ಅಭಿವೃದ್ಧಿಯತ್ತ ದಾಪುಗಾಲಿಡುತ್ತಿರುವ ಈ ಕ್ಷೇತ್ರದ ಸಮಸ್ತ ವಿದ್ಯಾರ್ಥಿ ಸಮುದಾಯವು...’ ಹೀಗೆ ಹೊರಟ ವಾಕ್ಯ ಎಲ್ಲೂ ನಿಲ್ಲದೆ ಸಾಗಿ, ಬಸ್ಸು ಎಂಬ ಪದ ಎರಡನೇ ಪುಟದಲ್ಲಿ ಎರಡು ಅಲ್ಪವಿರಾಮಗಳ ನಡುವೆ ಬಂತು. ತನ್ನ ಕುಂದುಕೊರತೆಯನ್ನು ದೇಶದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳ ಮುಂದಿಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. ನಾನು ಬರೆದದ್ದು ಎಲ್ಲಿ ಬಳಕೆಯಲ್ಲಿರುವ ಭಾಷೆ ಎಂಬುದು ಮಾತ್ರ ಸಂವಿಧಾನ ಬರೆದವರಿಗೂ ತಿಳಿಯುತ್ತಿರಲಿಲ್ಲ. ಹಾಳೆ ಹುಡುಗಿಗೆ ವಾಪಸು ಕೊಟ್ಟು, ನನ್ನ ಕೃತಿಯನ್ನು ಫೈಲಿಗೆ ಸೇರಿಸಿ, ‘ಸಂದರ್ಭ ನೋಡಿ ಕೊಡೋಣ’ ಅಂದೆ. ಸಂದರ್ಭ ಬಾರದೇ ಇರಲಿ ಎಂಬುದು ಮನಸ್ಸಿನೊಳಗಿನ ಹರಕೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಮೊದಲ ಪೆಟ್ಟು ಜೆರಾಕ್ಸ್ ಅಂಗಡಿಯಲ್ಲಿ ಬಿತ್ತು. ಲೋಕಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗಳ ಪಟ್ಟಿಯನ್ನು ಹಸಿರು ಕಾಗದದಲ್ಲಿ ಅಚ್ಚು ಹಾಕುತ್ತಾರೆ, ಚುಕ್ಕೆಯಿಲ್ಲದವನ್ನು ಬಿಳಿಯಲ್ಲಿ. ಅಂಕ ಹಾಕಲು ಬರುವ ನಿವೃತ್ತ ಪ್ರಾಧ್ಯಾಪಕರು ಇಂಥವನ್ನೆಲ್ಲ ಗಮನಿಸುತ್ತಾರೆ ಎಂದು ಹಸಿರು ಕೇಳಿದರೆ, ಅಂಗಡಿಯವನ ಬಳಿ ಇದ್ದದ್ದು ತಿಳಿಗುಲಾಬಿ. ‘ಬಣ್ಣ ಯಾವುದಾದ್ರೇನು ಸಾರ್, ಅಕ್ಷರ ಕಾಣುತ್ತಲ್ಲ’ ಅಂದ. ಅದೂ ಸರಿಯೇ ಅನ್ನಿಸಿತು.

ಎರಡನೆಯ ಪೆಟ್ಟು ಫೋನಿನಲ್ಲಿ ಬಂತು. ಸಭಾಧ್ಯಕ್ಷನ ಪಾತ್ರದ ಹುಡುಗ, ‘ಸಾರ್, ಬಸ್ಸು ನಿಲ್ಲಿಸ್ಲಿಲ್ಲ’ ಅಂದ. ಮಿಕ್ಕವರು? ಅವರೆಲ್ಲ ಹಿಂದಿನ ರಾತ್ರಿಯೇ ಹಾಸ್ಟೆಲಿನ ಗೆಳೆಯರ ಕೋಣೆಗಳಲ್ಲಿ ಬಂದು ಮಲಗಿದ್ದರಂತೆ. ಇವನೊಬ್ಬ ಬಸ್ಸನ್ನು ನಂಬಿದ್ದ. ಶಾಸಕರ ಕಾರು ಗೇಟಿನೊಳಗೆ ಬಂದಾಗಿತ್ತು. ಇಡೀ ನಾಟಕ ಬಾಯಿಪಾಠ ಇದ್ದವನು ನಾನೊಬ್ಬನೇ. ಪಕ್ಕದ ಮನೆಯ ವಕೀಲರಿಂದ ತಂದಿದ್ದ ಕಪ್ಪು ಕೋಟನ್ನು ನಾನೇ ಏರಿಸಿಕೊಂಡೆ. ತೋಳು ಬೆರಳ ತುದಿ ದಾಟಿ ಇಳಿದಿತ್ತು. ಹೊಲದ ಬೆದರುಬೊಂಬೆಗೂ ಯಾರೂ ಅಷ್ಟು ದೊಡ್ಡ ಅಂಗಿ ತೊಡಿಸುವುದಿಲ್ಲ. ಹೀಗೆ ನಾನು ಲೋಕಸಭೆಯ ಅಧ್ಯಕ್ಷನಾದೆ.

ಶುರುವಿನಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಸಂಪ್ರದಾಯದಂತೆ ಮೊದಲು ಸಂತಾಪ ಸೂಚನೆ. ಇಲ್ಲದ ಒಬ್ಬ ಮಾಜಿ ಸದಸ್ಯರನ್ನು ನಾನು ಕಲ್ಪಿಸಿಕೊಂಡು ಸಾಯಿಸಿದ್ದೆ. ರೈತ ನಾಯಕ, ಬಡವರ ಬಂಧು, ನಮ್ಮ ಜಿಲ್ಲೆಯ ಹೆಮ್ಮೆಯ ಪುತ್ರ ಎಂದೆಲ್ಲ ಗದ್ಗದಿತನಾಗಿ ಓದಿದೆ. ಎಲ್ಲರೂ ಎದ್ದು ಮೌನವಾಗಿ ನಿಂತರು. ಮುಂದಿನ ಸಾಲಿನಲ್ಲಿ ಶಾಸಕರೂ ಎದ್ದು ತಲೆತಗ್ಗಿಸಿದರು. ಆ ಮೌನದಲ್ಲಿ ಅವರು ಪಿಎ ಕಿವಿಯಲ್ಲಿ ಪಿಸುಗುಟ್ಟಿದ್ದು ಮೈಕಿನವರೆಗೂ ಕೇಳಿಸಿತು: ‘ಯಾರಯ್ಯಾ ಹೋಗಿದ್ದು? ನಮ್ ಜಿಲ್ಲೆಯೋರಂತೆ, ಮಣ್ಣಿಗೆ ಹೋಗ್ಬೇಕಿತ್ತಲ್ಲ, ಯಾಕ್ ಹೇಳ್ಲಿಲ್ಲ?’ ಪಿಎ ಮುಖ ಬಿಳುಚಿತು. ಸದನದ ಘನತೆಯ ದೃಷ್ಟಿಯಿಂದ ನಾನು ಮೌನವನ್ನು ಅರ್ಧದಲ್ಲೇ ಮುಗಿಸಿದೆ.

ಪ್ರಶ್ನೋತ್ತರ ಶುರುವಾಯಿತು. ಯೋಗದ ಪ್ರಯೋಜನ ಅಪಾರವಾಯಿತು. ವಿರೋಧ ಪಕ್ಷದ ನಾಯಕಿ ಎದ್ದಳು. ಅವಳ ಪಾಲಿಗೆ ಬಂದದ್ದು ಗಿಡ ನೆಡುವ ಅಭಿಯಾನದ ಪ್ರಶ್ನೆ. ಗುಲಾಬಿ ಕಾಗದವನ್ನು ನಾಲ್ಕಾಗಿ ಮಡಿಸಿ ಕೈಯಲ್ಲಿಟ್ಟುಕೊಂಡಳು. ‘ಮಾನ್ಯ ಸಭಾಧ್ಯಕ್ಷರೇ, ಬೆಳಿಗ್ಗೆ ಎಂಟರ ಬಸ್ಸು ನಮ್ಮ ಕ್ರಾಸಿನಲ್ಲಿ ನಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’

ಸಾರಿಗೆ ಮಂತ್ರಿ ಗಾಬರಿಯಾಗಿ ನನ್ನ ಮುಖ ನೋಡಿದ. ಹಾಗೆಂದು ನಾನು ಭಾವಿಸಿದ್ದೆ. ಅವನೂ ಅದೇ ಕ್ರಾಸಿನವನು, ಅವನ ಮುಖದಲ್ಲಿದ್ದದ್ದು ಗಾಬರಿಯಲ್ಲ. ‘ಬಂದಿದೆ ಸಭಾಧ್ಯಕ್ಷರೇ. ಸ್ವತಃ ನನಗೇ ಬಸ್ಸು ಸಿಗುತ್ತಿಲ್ಲ’ ಎಂದು ಉತ್ತರ ಕೊಟ್ಟ.

ಸಭಾಂಗಣದಲ್ಲಿ ಶಿಳ್ಳೆ ಬಿತ್ತು. ಪ್ರಾಂಶುಪಾಲರು ನನ್ನ ಕಡೆ ನೋಡಿದ ನೋಟದಲ್ಲಿ ಮುಂದಿನ ವರ್ಷದ ಪಟ್ಟಿ ಕಂಡಿತು. ನಾನು ಗಂಟಲು ಸರಿಮಾಡಿಕೊಂಡು, ‘ಪ್ರಶ್ನೆ ಕೇಳಲು 15 ದಿನ ಮುಂಚೆ ನೋಟಿಸ್ ಕೊಡಬೇಕು. ನಿಯಮದಂತೆ ಇದನ್ನು ತಿರಸ್ಕರಿಸಲಾಗಿದೆ. ಕೂತ್ಕೊಳ್ಳಿ’ ಅಂದೆ.

ಅವಳು ಮಡಿಸಿದ ಕಾಗದ ಬಿಡಿಸಿ ಮೇಲೆತ್ತಿದಳು. ‘ಪಟ್ಟಿ ತಿಳಿಗುಲಾಬಿ ಕಾಗದದಲ್ಲಿದೆ ಸಭಾಧ್ಯಕ್ಷರೇ. ಲೋಕಸಭೆಯಲ್ಲಿ ತಿಳಿಗುಲಾಬಿ ಅಲ್ಪ ಸೂಚನೆಯ ಪ್ರಶ್ನೆಗಳಿಗೆ. ಅದಕ್ಕೆ ಅಷ್ಟು ದಿನದ ನೋಟಿಸ್ ಬೇಕಿಲ್ಲ ಅಂತ ನಿಮ್ಮ ನೋಟ್ಸಲ್ಲೇ ಇದೆ.’

ನನ್ನ ನೋಟ್ಸನ್ನು ಯಾರಾದರೂ ಓದುತ್ತಾರೆಂಬುದು ನನಗೆ ಅವತ್ತೇ ತಿಳಿದದ್ದು. ಸಂತೋಷಪಡುವ ಸ್ಥಿತಿಯಲ್ಲಿ ಇರಲಿಲ್ಲ. ‘ಬಸ್ಸು, ರಸ್ತೆ ಎಲ್ಲ ರಾಜ್ಯದ ವಿಷಯ. ಇದು ಲೋಕಸಭೆ. ಇಲ್ಲಿ ಅದನ್ನ ಎತ್ತೋ ಹಾಗಿಲ್ಲ’ ಅಂದೆ.

‘ಯಂತ್ರಚಾಲಿತ ವಾಹನಗಳು ಸಮವರ್ತಿ ಪಟ್ಟಿಯ 35ನೇ ನಮೂದು ಸಾರ್. ಇಂಟರ್ನಲ್ಸಲ್ಲಿ ನೀವೇ ಕೇಳಿದ್ರಿ. ರಾಜ್ಯಪಟ್ಟಿ ಅಂತ ಬರೆದಿದ್ದಕ್ಕೆ ನನಗೆ ಒಂದು ಅಂಕ ಕಳೆದಿದ್ರಿ. ಸಾರಿಗೆ ನಿಗಮಗಳ ಕಾಯ್ದೆ ಕೂಡ 1950ರಲ್ಲಿ ಸಂಸತ್ತೇ ಮಾಡಿದ್ದು.’ ಒಂದು ಕ್ಷಣ ತಡೆದು, ‘ರಾಜ್ಯದ್ದೇ ಅಂತ ಇಟ್ಕೊಂಡ್ರೂ, ರಾಜ್ಯದೋರು ಮುಂದಿನ ಸಾಲಲ್ಲೇ ಕೂತಿದಾರಲ್ಲ ಸಾರ್’ ಅಂದಳು.

ಇನ್ನು ತಡೆದರೆ ಕೆಟ್ಟೆ ಅನ್ನಿಸಿತು. ‘ಮಾರ್ಷಲ್!’ ಎಂದು ಕೂಗಿದೆ. ಬಿಳಿ ಸಮವಸ್ತ್ರದ ಮಾರ್ಷಲ್ ಅಲ್ಲಾಡಲಿಲ್ಲ. ‘ನಂದೂ ಅದೇ ಕ್ರಾಸು ಸಾರ್’ ಅಂದ. ಅಷ್ಟರಲ್ಲಿ ವಿರೋಧ ಪಕ್ಷದವರೆಲ್ಲ ಎದ್ದು ಸದನದ ಬಾವಿಗಿಳಿದರು. ಅವರ ಹಿಂದೆಯೇ ಆಡಳಿತ ಪಕ್ಷವೂ ಇಳಿಯಿತು. ಜುಬ್ಬಾ ಎತ್ತಿಕೊಂಡು ಪ್ರಧಾನಿಯೂ ಬಂದ. ಕೊನೆಗೆ ಪೀಠದಲ್ಲಿ ನಾನೊಬ್ಬನೇ. ಹುಡುಗಿಯ ಕಿವಿಯಲ್ಲಿ ‘ಅಮ್ಮಾ ತಾಯಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡ’ ಎಂದು ಹೇಳಿ ಬರೋಣವೆಂದು ಎದ್ದೆ. ಕೋಟಿನ ತುದಿ ಕುರ್ಚಿಯ ಮೊಳೆಗೆ ಸಿಕ್ಕಿತು, ಕಾಲು ಮೈಕಿನ ವೈರಿಗೆ ಸಿಕ್ಕಿತು, ನಾನು ವೇದಿಕೆಯಿಂದ ನೇರ ಬಾವಿಯೊಳಗೆ ಮಂಡಿಯೂರಿ ಬಿದ್ದೆ, ಸರಿಯಾಗಿ ವಿರೋಧ ಪಕ್ಷದ ನಾಯಕಿಯ ಪಾದದ ಬುಡದಲ್ಲಿ. ಶಾಸಕರು ಇದೂ ನಾಟಕದ ಭಾಗವೆಂದು ತಿಳಿದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಭಾಧ್ಯಕ್ಷರೇ ಬಾವಿಗಿಳಿದ ಸದನವನ್ನು ಅವರೂ ನೋಡಿರಲಿಲ್ಲವಂತೆ.

‘ಮೇಷ್ಟ್ರೇ, ನೀವ್ ಏಳಿ. ಹುಡುಗಿ ಮಾತಾಡ್ಲಿ’ ಎಂದು ಅವರೇ ಮುಂದೆ ಬಂದರು. ‘ಏನಮ್ಮಾ, ಎಷ್ಟು ಜನ ನಿಲ್ತೀರಿ ಆ ಕ್ರಾಸಲ್ಲಿ?’

‘42 ಜನ ಸಾರ್.’

‘ಓಟಿದೆಯಾ?’

‘ಎಲ್ರಿಗೂ 18 ಆಗಿದೆ ಸಾರ್. ಮನೇಲಿ ಅಪ್ಪ ಅಮ್ಮಂದೂ ಇದೆ.’

ಓಟಿನ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ 61ನೇ ತಿದ್ದುಪಡಿ 1989ರಲ್ಲಿ ಜಾರಿಗೆ ಬಂದಿತೆಂದು ನಾನು ಎಷ್ಟೋ ಬ್ಯಾಚಿಗೆ ಡಿಕ್ಟೇಷನ್ ಕೊಟ್ಟಿದ್ದೇನೆ. ಅದು ಶಾಸಕರೊಬ್ಬರ ಮುಖದ ಮೇಲೆ ಜಾರಿಯಾಗುವುದನ್ನು ಕಂಡದ್ದು ಆಗಲೇ. ಅವರು ಅಲ್ಲೇ ಡಿಪೊ ಮ್ಯಾನೇಜರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಅತ್ತಲಿಂದ, ‘ಸಾರ್, ಡ್ರೈವರ್ ಕಂಡಕ್ಟರ್ ಕೊರತೆ. ಹೊಸ ಷೆಡ್ಯೂಲ್ ಅಂದ್ರೆ ಮೇಲಿನ ಆಫೀಸಿಂದ ಆಗ್ಬೇಕು’ ಎಂಬ ಉತ್ತರ ಬಂತು. ಇನ್ನೇನು ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಹುಡುಗಿ ಫೋನಿನತ್ತ ಬಗ್ಗಿದಳು: ‘ಹೊಸದು ಬೇಡ ಸಾರ್. ಏಳೂವರೆಗೆ ಹಿಂದಿನ ಊರಿಂದ ಎರಡು ಬಸ್ಸು ಒಟ್ಟೊಟ್ಟಿಗೆ ಹೊರಡುತ್ತೆ. ಮುಂದಿಂದು ತುಂಬಿರುತ್ತೆ, ಹಿಂದಿಂದು ಖಾಲಿ ಇದ್ರೂ ಬೈಪಾಸಲ್ಲಿ ಹೋಗ್ಬಿಡುತ್ತೆ. ಅದನ್ನ ಇಪ್ಪತ್ತು ನಿಮಿಷ ತಡವಾಗಿ ಬಿಟ್ಟು ನಮ್ ಕ್ರಾಸ್ ಮೇಲೆ ಕಳ್ಸಿ, ಸಾಕು.’ ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಅದನ್ನ ಮಾಡ್ಬೋದು ಸಾರ್’ ಅಂತ ಬಂತು.

‘ಒಂದು ಮನವಿ ಕೊಟ್ಬಿಡಿ, ಬರೆದು ಸಹಿ ಹಾಕ್ತೀನಿ’ ಎಂದರು ಶಾಸಕರು. ನನ್ನ ಕಾಲ ಬಂತೆಂದು ಫೈಲಿಗೆ ಓಡಿದೆ. ಅವರು ಗಟ್ಟಿಯಾಗಿ ಓದತೊಡಗಿದರು. ‘ದಾಪುಗಾಲಿಡುತ್ತಿರುವ’ ತನಕ ಬಂದು ಉಸಿರು ಕಟ್ಟಿ ನಿಂತರು. ‘ಮೇಷ್ಟ್ರೇ, ನನ್ ಹೊಗಳಿಕೆ ಎಲ್ಲ ಆದ್ಮೇಲೆ ಬಸ್ಸು ಎಲ್ಲಿ ಬರುತ್ತೆ ಇದ್ರಲ್ಲಿ?’

‘ಎರಡನೇ ಪುಟದಲ್ಲಿ ಸಾರ್.’

‘ಇಲ್ಲೂ ಲೇಟಾ?’

ಹುಡುಗಿ ಬ್ಯಾಗಿನಿಂದ ನೋಟ್‌ಬುಕ್ಕಿನ ಹಾಳೆ ತೆಗೆದಳು. ಅವರು ಒಂದೇ ಉಸಿರಿಗೆ ಓದಿ ಮುಗಿಸಿ, ಮೂಲೆಯಲ್ಲಿ ‘ಕೂಡಲೇ ಕ್ರಮ ಕೈಗೊಳ್ಳಿ’ ಎಂದು ಗೀಚಿ ಸಹಿ ಹಾಕಿ ಪಿಎ ಕೈಗಿತ್ತರು. ಹೊರಡುವಾಗ ಪ್ರಾಂಶುಪಾಲರಿಗೆ, ‘ಹುಡುಗ್ರಿಗೆ ಮಾತಾಡೋದು ಚೆನ್ನಾಗ್ ಕಲ್ಸಿದಾರೆ ನಿಮ್ ಮೇಷ್ಟ್ರು’ ಅಂದರು. ನಾನು ನಾಚಿಕೆಯಿಲ್ಲದೆ ಕೈಮುಗಿದೆ. ಬಾವಿಯ ಕಡೆಯಿಂದ ಜೋರು ನಗು ಕೇಳಿಸಿತು. ನಗಲಿ ಬಿಡಿ. ಅವರಿಗೆ ಮಾತು ಮೊದಲೇ ಬರುತ್ತಿತ್ತು. ಅದನ್ನು ಬಾರದ ಹಾಗೆ ಮಾಡಲು ರಾತ್ರಿಯೆಲ್ಲ ಕೂತು ಬರೆದವನು ನಾನು.

ಅಂಕಪಟ್ಟಿ ಬಂತು. ಪ್ರಶ್ನೆಗಳ ಆಯ್ಕೆಗೆ 20ಕ್ಕೆ 19. ಶಿಸ್ತು ಮತ್ತು ಸದನದ ಘನತೆಗೆ 10ಕ್ಕೆ 2. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ‘ಸಭಾಧ್ಯಕ್ಷರಿಂದಾಗಿ’ ಎಂಬ ಷರಾ.

ಬಸ್ಸು ಈಗ ನಿಲ್ಲುತ್ತದೆ. ಎಂದಾದರೊಮ್ಮೆ ಡ್ರೈವರು ಹಳೆಯ ಅಭ್ಯಾಸದಂತೆ ಹೆಬ್ಬೆರಳು ತೋರಿಸಿ ಹೋದರೆ, ಕ್ರಾಸಿನಿಂದಲೇ ಡಿಪೊಗೆ ಫೋನು ಹೋಗುತ್ತದೆ. ನಂಬರು ಎಲ್ಲರ ಮೊಬೈಲಲ್ಲೂ ಇದೆ. ಇದರಿಂದ ದೊಡ್ಡ ತೊಂದರೆಗೆ ಸಿಕ್ಕಿದ್ದು ನಾನು. ಮೊದಲ ಪೀರಿಯಡ್ಡಿನ ಗಂಟೆ ಹೊಡೆಯುವಾಗ ಬೆಂಚುಗಳೆಲ್ಲ ಭರ್ತಿಯಾಗಿರುತ್ತವೆ, ಪುಸ್ತಕ ತೆರೆದಿರುತ್ತದೆ, ನಾನು ಮಾತ್ರ ಇನ್ನೂ ಮನೆಯಲ್ಲಿ ಎರಡನೇ ಲೋಟ ಕಾಫಿಗೆ ಸಕ್ಕರೆ ಹಾಕಿಸಿಕೊಳ್ಳುತ್ತಿರುತ್ತೇನೆ. ಮೊನ್ನೆ ಕ್ಲಾಸಿಗೆ ಹೋಗುವಷ್ಟರಲ್ಲಿ ಮೇಜಿನ ಮೇಲೆ ನೋಟ್‌ಬುಕ್ಕಿನ ಇನ್ನೊಂದು ಹಾಳೆ ಕಾಯುತ್ತಿತ್ತು. ಪ್ರಾಂಶುಪಾಲರಿಗೆ ಬರೆದದ್ದು. ‘ಮೊದಲ ಪೀರಿಯಡ್ಡಿಗೆ ರಾಜ್ಯಶಾಸ್ತ್ರ ಮೇಷ್ಟ್ರು ತಡವಾಗಿ ಬರುತ್ತಿದ್ದಾರೆ. ನಾವು ಸಮಯಕ್ಕೆ ಬರುತ್ತಿದ್ದೇವೆ. ಅವರೂ ಬರಲಿ.’ ಕೆಳಗೆ ಸಹಿಗಳು.

‘ಭಾಷೆ ಒಂಚೂರು ನೋಡ್ಕೊಡಿ ಸಾರ್’ ಅಂದಳು ವಿರೋಧ ಪಕ್ಷದ ನಾಯಕಿ.

ಒಂದು ಕಡೆ ಒತ್ತಕ್ಷರ ಬಿಟ್ಟುಹೋಗಿತ್ತು. ಸೇರಿಸಿ ವಾಪಸು ಕೊಟ್ಟೆ.